ಲೆಕ್ಕದ ಹಾಳೆಯಿಂದ ವಾರ್ಷಿಕ ವರದಿಗೆ: ಹತ್ತೊಂಬತ್ತು ದಿನಗಳ ಪಾಡು

ನಮ್ಮ ಸಂಘದ 2024-25ನೆಯ ಸಾಲಿನ ವಾರ್ಷಿಕ ವರದಿಯ ಮುನ್ನೂರು ಪ್ರತಿಗಳು 2025ರ ಸೆಪ್ಟೆಂಬರ್ 12ರ ಶುಕ್ರವಾರ ಸಂಜೆ ದಾದರಿನ ಮುದ್ರಣಾಲಯದಿಂದ ನನ್ನ ಕೈಸೇರಿದವು. ಆಗಸ್ಟ್ 25ರಂದು ಲೆಕ್ಕಪರಿಶೋಧಕರ ಕಡತ ಬಂದಾಗ ಇದು ಒಂದು ಮಧ್ಯಾಹ್ನದ ಕೆಲಸವೆಂದು ಭಾವಿಸಿದ್ದೆ. ಹತ್ತೊಂಬತ್ತು ದಿನ ಹಿಡಿಯಿತು. ಮಾಡಬೇಕಾಗಿದ್ದದ್ದು ಇಷ್ಟೇ: ಎಕ್ಸೆಲ್‌ನಲ್ಲಿದ್ದ ಆರು ಕೋಷ್ಟಕಗಳನ್ನು ವರ್ಡ್‌ನಲ್ಲಿದ್ದ ವರದಿಯೊಳಗೆ ಕೂರಿಸುವುದು. ಮುಂಬಯಿಯಲ್ಲಿ ನಮ್ಮಂಥ ಸಣ್ಣ ಕನ್ನಡ ಸಂಘಗಳು ಹಲವಿದ್ದು, ಪ್ರತಿಯೊಂದರಲ್ಲೂ ನನ್ನಂಥ ಒಬ್ಬ ನಿವೃತ್ತ ಕೋಶಾಧಿಕಾರಿ ಮಹಾಸಭೆಯ ಮುಂಚೆ ಇದೇ ಕೆಲಸಕ್ಕೆ ಕೂರುತ್ತಾನಾದ್ದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ದುಡಿದವನು. ಖಾತೆ, ತಾಳೆ, ಶಿಲ್ಕು ಎಂದರೆ ನನಗೆ ಭಯವಿಲ್ಲ. ಆ ಧೈರ್ಯದಿಂದಲೇ 2024ರಲ್ಲಿ ಮುಲುಂಡಿನ ಸಂಘದ ಗೌರವ ಕೋಶಾಧಿಕಾರಿಯಾಗಲು ಒಪ್ಪಿಕೊಂಡಿದ್ದೆ. ನಮ್ಮ ನಿಯಮಾವಳಿಯ ಪ್ರಕಾರ ಮಹಾಸಭೆಗೆ ಹದಿನಾಲ್ಕು ದಿನ ಮುಂಚಿತವಾಗಿ ವರದಿ ಸದಸ್ಯರಿಗೆ ಹೊರಡಬೇಕು. ಸಭೆ ಸೆಪ್ಟೆಂಬರ್ 28ರ ಭಾನುವಾರ. ನಡುವೆ ಗಣೇಶ ಚತುರ್ಥಿಯಿಂದ ಅನಂತ ಚತುರ್ದಶಿಯವರೆಗೆ, ಅಂದರೆ ಆಗಸ್ಟ್ 27ರಿಂದ ಸೆಪ್ಟೆಂಬರ್ 6ರವರೆಗೆ, ಈ ಊರಿನಲ್ಲಿ ಯಾರಿಂದಲೂ ಅವಸರದ ಕೆಲಸವನ್ನು ನಿರೀಕ್ಷಿಸುವಂತಿಲ್ಲ. ಈ ಲೆಕ್ಕವನ್ನು ನಾನು ಮೊದಲೇ ಹಾಕಿಕೊಳ್ಳಬೇಕಾಗಿತ್ತು.

ಘಾಟ್ಕೋಪರಿನ ಲೆಕ್ಕಪರಿಶೋಧಕರು ಕಳುಹಿಸಿದ ಎಕ್ಸೆಲ್ ಕಡತದಲ್ಲಿ ಎಲ್ಲವೂ ಮಹಾರಾಷ್ಟ್ರದ 1950ರ ಸಾರ್ವಜನಿಕ ವಿಶ್ವಸ್ಥ ಸಂಸ್ಥೆಗಳ ಕಾಯ್ದೆಗೆ ಹೊಂದುವ ನಮೂನೆಯಲ್ಲಿತ್ತು: ಆಸ್ತಿ-ಹೊಣೆ ಪಟ್ಟಿ ಎಂಟನೆಯ ಅನುಸೂಚಿಯಂತೆ, ಆದಾಯ-ವೆಚ್ಚ ಒಂಬತ್ತನೆಯ ಅನುಸೂಚಿಯಂತೆ. ಎಂಟನೆಯ ಅನುಸೂಚಿಯಲ್ಲಿ ಎಡಕ್ಕೆ ನಿಧಿ ಮತ್ತು ಹೊಣೆಗಳು, ಬಲಕ್ಕೆ ಆಸ್ತಿಗಳು. ಹಿಂದಿನ ವರ್ಷದ ಮೊತ್ತವನ್ನೂ ಸೇರಿಸಿದರೆ ಒಟ್ಟು ಎಂಟು ಅಂಕಣ. ಕಂಪ್ಯೂಟರಿನ ಪರದೆಯಲ್ಲಿ ಅದು ಹಾಯಾಗಿ ಕಾಣುತ್ತಿತ್ತು. ಎಲ್ಲವನ್ನೂ ಆಯ್ದು ಕಂಟ್ರೋಲ್ ಸಿ ಒತ್ತಿದೆ. ಕೋಷ್ಟಕದ ಸುತ್ತ ಇರುವೆ ಸಾಲಿನಂತೆ ಚುಕ್ಕೆಗೆರೆ ಹರಿದಾಡತೊಡಗಿತು. ವರ್ಡ್‌ಗೆ ಬಂದು ಕಂಟ್ರೋಲ್ ವಿ ಒತ್ತಿದೆ. ಎಡಭಾಗದ ನಿಧಿಗಳು ಬಂದವು, ಬಲಭಾಗದ ಆಸ್ತಿಗಳು ಮಾಯವಾಗಿದ್ದವು. ಅವು ಎಲ್ಲಿಗೂ ಹೋಗಿರಲಿಲ್ಲ, ಕಾಗದದ ಅಂಚಿನಿಂದ ಆಚೆಗೆ ಚಾಚಿಕೊಂಡಿದ್ದವು ಎಂದು ತಿಳಿಯುವುದಕ್ಕೆ ಅರ್ಧ ಗಂಟೆ ಬೇಕಾಯಿತು.

ಟೇಬಲ್ ಲೇಔಟ್‌ನಲ್ಲಿ ಆಟೋಫಿಟ್ ಎಂಬ ಗುಂಡಿಯಿದೆ; ಅದರಲ್ಲಿ ಆಟೋಫಿಟ್ ವಿಂಡೋ ಆರಿಸಿದರೆ ಕೋಷ್ಟಕ ಪುಟದ ಅಗಲಕ್ಕೆ ಕುಗ್ಗುತ್ತದೆ. ಕುಗ್ಗಿತು, ಆದರೆ 3,47,250 ಎಂಬ ಮೊತ್ತ ಮೇಲಿನ ಸಾಲಿನಲ್ಲಿ 3,47,2 ಎಂದೂ ಕೆಳಗೆ 50 ಎಂದೂ ಒಡೆದು ನಿಂತಿತು. ನಮ್ಮ ಪುಸ್ತಿಕೆ ಎ5 ಅಳತೆಯದು, ಅಂದರೆ ಅಗಲ 148 ಮಿಲಿಮೀಟರ್. ಎರಡೂ ಬದಿಗೆ 15ರಂತೆ ಅಂಚು ಬಿಟ್ಟರೆ ಉಳಿಯುವುದು 118. ವರ್ಡ್ ಪ್ರತಿಯೊಂದು ಸೆಲ್ಲಿನ ಎಡಬಲಕ್ಕೆ ತಾನಾಗಿಯೇ 1.9 ಮಿಲಿಮೀಟರ್ ಖಾಲಿ ಬಿಡುತ್ತದೆ. ಎಂಟು ಅಂಕಣಗಳಿಗೆ ಲೆಕ್ಕ ಹಾಕಿದರೆ ಮೂವತ್ತು ಮಿಲಿಮೀಟರ್, ಅಂದರೆ ಇರುವ ಜಾಗದ ಕಾಲು ಭಾಗ, ಬರೀ ಖಾಲಿ ಗಾಳಿಗೆ ಹೋಗುತ್ತದೆ. ಟೇಬಲ್ ಪ್ರಾಪರ್ಟೀಸ್‌ನ ಆಪ್ಷನ್ಸ್‌ನಲ್ಲಿ ಅದನ್ನು ಅರ್ಧ ಮಿಲಿಮೀಟರಿಗೆ ಇಳಿಸಿದ ಮೇಲೂ ಅಕ್ಷರವನ್ನು 6 ಪಾಯಿಂಟಿಗೆ ತರಬೇಕಾಯಿತು. ನಮ್ಮ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕನ್ನಡಕದವರು. ಕೊನೆಗೆ ಪರಿಶೋಧಕರನ್ನು ಕೇಳಿ, ಸಹಿಯಾದ ಮೂಲ ನಮೂನೆಯನ್ನು ಧರ್ಮಾದಾಯ ಆಯುಕ್ತರ ಕಚೇರಿಗೆ ಹಾಗೆಯೇ ಇಟ್ಟು, ಪುಸ್ತಿಕೆಗೆ ಮಾತ್ರ ನಿಧಿಗಳನ್ನು ಮೇಲೆಯೂ ಆಸ್ತಿಗಳನ್ನು ಕೆಳಗೆಯೂ ಇಟ್ಟು ನಾಲ್ಕೇ ಅಂಕಣಗಳಲ್ಲಿ ಹೊಂದಿಸಿದೆ. ಈ ಮಾರ್ಪಾಟನ್ನು ಎಕ್ಸೆಲ್‌ನಲ್ಲಿಯೇ ಮಾಡಿಕೊಳ್ಳಿರಿ. ವರ್ಡ್‌ಗೆ ತಂದ ಮೇಲೆ ಅಂಕಣಗಳನ್ನು ಕತ್ತರಿಸಿ ಅಂಟಿಸುವುದು ನರಕ.

ಆ ಮೊದಲ ದಿನವೇ ಇನ್ನೆರಡು ಸಣ್ಣ ತೊಡಕುಗಳಾದವು. ಎಕ್ಸೆಲ್‌ನಲ್ಲಿ ಅಂಕಣ ಇಕ್ಕಟ್ಟಾಗಿ ಮೊತ್ತದ ಬದಲು ಜಾಲರಿಯಂಥ ಗುರುತುಗಳ ಸಾಲು ಕಾಣುತ್ತಿದ್ದರೆ ವರ್ಡ್‌ಗೂ ಆ ಜಾಲರಿಯೇ ಬರುತ್ತದೆ, ಏಕೆಂದರೆ ಅಂಟುವುದು ಸೆಲ್ಲಿನ ಒಳಗಿನ ಸಂಖ್ಯೆಯಲ್ಲ, ಕಣ್ಣಿಗೆ ಕಂಡ ರೂಪ. ಎರಡನೆಯದಾಗಿ, ವರ್ಡ್‌ನ ಸಾಮಾನ್ಯ ಶೈಲಿಯಲ್ಲಿ ಪ್ರತಿ ಪ್ಯಾರಾದ ಕೆಳಗೆ 8 ಪಾಯಿಂಟ್ ಜಾಗವಿದ್ದು, ಅದು ಕೋಷ್ಟಕದ ಪ್ರತಿ ಸಾಲಿಗೂ ಹತ್ತಿಕೊಂಡು ಒಂದು ಪುಟದ ಲೆಕ್ಕ ಎರಡು ಪುಟಕ್ಕೆ ಉಬ್ಬಿತ್ತು. ಇಡೀ ಕೋಷ್ಟಕವನ್ನು ಆಯ್ದು ಆ ಜಾಗವನ್ನು ಸೊನ್ನೆ ಮಾಡಿದರೆ ಸಾಕು.

ಮರುದಿನ ದಾನಿಗಳ ಪಟ್ಟಿ. ಇದನ್ನು ನನಗಿಂತ ಹಿಂದಿನವರು ವರ್ಷಗಳಿಂದ ಬೆಳೆಸಿಕೊಂಡು ಬಂದಿದ್ದರು. ಹೆಸರುಗಳೆಲ್ಲ ಕನ್ನಡದಲ್ಲಿ, ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ, ಅಂದರೆ ಫಾಂಟಿನಲ್ಲಿ. ಅಂಟಿಸಿದ ಕೂಡಲೇ ಕೆಳಗೆ ಮೂಡುವ ಸಣ್ಣ ಪೇಸ್ಟ್ ಆಪ್ಷನ್ಸ್ ಗುರುತನ್ನು ಒತ್ತಿ, ಇಡೀ ವರದಿಗೆ ಒಂದೇ ರೂಪವಿರಲಿ ಎಂದು ಯೂಸ್ ಡೆಸ್ಟಿನೇಶನ್ ಸ್ಟೈಲ್ಸ್ ಆರಿಸಿದೆ. ಇನ್ನೂರ ಹನ್ನೆರಡು ಹೆಸರುಗಳೂ ಒಂದು ಕ್ಷಣದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರವಾದವು: ತಲೆಯ ಮೇಲೆ ಚುಕ್ಕೆ ಹೊತ್ತ ಎ, ಬಾಲವಿರುವ ಸಿ, ನಡುವೆ ಪೌಂಡ್ ಚಿಹ್ನೆ. ಕಡತ ಕೆಟ್ಟಿತೆಂದು ಕೈಕಾಲು ತಣ್ಣಗಾದವು. ವಾಸ್ತವದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ, ರೂಢಿಗೆ ಬರುವುದಕ್ಕೆ ಮುಂಚಿನ ಅಂಥ ಶೈಲಿಗಳಲ್ಲಿ ಕಡತದೊಳಗೆ ಇರುವುದು ರೋಮನ್ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ಚಿತ್ರವನ್ನು ತೊಡಿಸುವುದು ಅಕ್ಷರಶೈಲಿ. ಶೈಲಿಯನ್ನು ಬದಲಿಸಿದೊಡನೆ ವೇಷ ಕಳಚಿ ಒಳಗಿನದು ಹೊರಗೆ ಕಾಣುತ್ತದೆ.

ಕೀಪ್ ಸೋರ್ಸ್ ಫಾರ್ಮ್ಯಾಟಿಂಗ್ ಎಂಬ ಆಯ್ಕೆಯಿಂದ ಅಂಟಿಸಿದರೆ ಮೂಲದ ಶೈಲಿಯೂ ಜೊತೆಗೆ ಬಂದು ಹೆಸರುಗಳು ಸರಿಯಾಗಿ ಕಾಣುತ್ತವೆ, ಆದರೆ ಆ ಶೈಲಿಯಿಲ್ಲದ ಕಂಪ್ಯೂಟರಿನಲ್ಲಿ ಮತ್ತೆ ಅದೇ ಪಾಡು. ಆದ್ದರಿಂದ ಹೆಸರುಗಳ ಅಂಕಣವನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿ, ಎಕ್ಸೆಲ್‌ಗೆ ಮರಳಿಸಿ, ಅಲ್ಲಿಂದ ಹೊಸದಾಗಿ ನಕಲು ಮಾಡಿದೆ. ಇದಕ್ಕೆ ಗಣೇಶ ಚತುರ್ಥಿಯ ಹಿಂದಿನ ರಾತ್ರಿ ಪೂರ್ತಿ ಹೋಯಿತು. ಮನೆಯಲ್ಲಿ ಕಡುಬಿನ ಹೂರಣದ ವಾಸನೆ, ನನ್ನ ಮುಂದೆ ಅರ್ಕಾವತ್ತುಗಳು. ಪರಿವರ್ತನೆಯ ನಂತರ ಅರ್ಕಾವತ್ತು ಮತ್ತು ಒತ್ತಕ್ಷರವಿರುವ ಹೆಸರುಗಳನ್ನು ಒಂದೊಂದಾಗಿ ಓದಲೇಬೇಕು. ನಾನು ಓದಿದೆ, ಆದರೆ ಹನ್ನೊಂದು ಗಂಟೆಯ ಮೇಲೆ ಓದಿದೆ.

ಆಗಸ್ಟ್ 30ಕ್ಕೆ ಆರೂ ಕೋಷ್ಟಕಗಳು ಕುಳಿತವು ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಪರಿಶೋಧಕರಿಂದ ಕರೆ ಬಂತು. ಠೇವಣಿಯ ಮೇಲಿನ ಬಡ್ಡಿಯಲ್ಲಿ ಒಂದು ತಿದ್ದುಪಡಿ. ಒಂದು ಸಂಖ್ಯೆ ಬದಲಾದರೆ ಮೂರು ಕೋಷ್ಟಕಗಳಲ್ಲಿ ಏಳು ಕಡೆ ಬದಲಾಗಬೇಕು. ಎಕ್ಸೆಲ್‌ನಲ್ಲಿ ಸೂತ್ರಗಳಿರುವುದರಿಂದ ಅದು ತಾನೇ ಆಗುತ್ತದೆ; ವರ್ಡ್‌ಗೆ ಅಂಟಿದ್ದು ಬರೀ ಅಕ್ಷರ, ಅದಕ್ಕೆ ಸೂತ್ರದ ನೆನಪಿಲ್ಲ. ಪಕ್ಕದ ಫ್ಲ್ಯಾಟಿನ ನಮ್ಮೂರ ಹುಡುಗ, ಐರೋಲಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವವನು, ಪ್ರಸಾದ ಕೊಡಲು ಬಂದಿದ್ದ. “ಮಾಮ, ಹೀಗೆ ಸಲಸಲವೂ ಅಂಟಿಸುವುದೇಕೆ? ಪೇಸ್ಟ್ ಸ್ಪೆಷಲ್ ಇದೆಯಲ್ಲ” ಎಂದ. ಆಲ್ಟ್, ಕಂಟ್ರೋಲ್, ವಿ ಮೂರನ್ನೂ ಒಟ್ಟಿಗೆ ಒತ್ತಿದರೆ ಒಂದು ಪಟ್ಟಿ ತೆರೆಯುತ್ತದೆ. ಅದರಲ್ಲಿ ಎಕ್ಸೆಲ್ ವರ್ಕ್‌ಶೀಟ್ ಆಬ್ಜೆಕ್ಟ್ ಎಂಬುದನ್ನು ಆರಿಸಿದರೆ ಕೋಷ್ಟಕ ಎಕ್ಸೆಲ್ ಆಗಿಯೇ ವರ್ಡ್‌ನೊಳಗೆ ಕೂರುತ್ತದೆ, ಎರಡು ಸಲ ಕ್ಲಿಕ್ ಮಾಡಿದರೆ ಅಲ್ಲಿಯೇ ತಿದ್ದಬಹುದು. ನನಗೆ ಸ್ವರ್ಗ ಸಿಕ್ಕಂತಾಯಿತು. ದಾನಿಗಳ ಪಟ್ಟಿಯೊಂದನ್ನು ಬಿಟ್ಟು ಉಳಿದ ಐದನ್ನೂ ಹಾಗೆಯೇ ಕೂರಿಸಿ, ಕಾರ್ಯಕಾರಿ ಸಮಿತಿಯ ಒಂಬತ್ತು ಮಂದಿಗೂ ಕರಡನ್ನು ಮಿಂಚಂಚೆಯಲ್ಲಿ ಕಳುಹಿಸಿದೆ. ಕಡತದ ಗಾತ್ರ ಏಕೆ ಇದ್ದಕ್ಕಿದ್ದಂತೆ ಬೆಳೆದಿದೆ ಎಂದು ಒಂದು ಕ್ಷಣ ಅನಿಸಿತ್ತು. ಆ ಅನಿಸಿಕೆಯ ಬೆನ್ನು ಹತ್ತಬೇಕಾಗಿತ್ತು.

ರಾತ್ರಿ ಒಂಬತ್ತೂವರೆಗೆ ಕಾರ್ಯದರ್ಶಿಗಳ ಕರೆ. “ಅಲ್ಲ ಮಾರಾಯ್ರೆ, ನಿಮ್ಮ ಆದಾಯ-ವೆಚ್ಚದ ಮೇಲೆ ಎರಡು ಸಲ ಒತ್ತಿದೆ. ಕೆಳಗೆ ನೋಡಿದರೆ ಎಲ್ಲ ಹಾಳೆಗಳೂ ಉಂಟು! ವಿದ್ಯಾರ್ಥಿವೇತನ ತೆಗೆದುಕೊಂಡ ಮಕ್ಕಳ ಮನೆಯ ಆದಾಯ ಸಹ ಕಾಣ್ತದೆ.”

ಆ ಆಯ್ಕೆಯಲ್ಲಿ ನಾವು ಆಯ್ದ ಭಾಗವಷ್ಟೇ ಹೋಗುವುದಿಲ್ಲ, ಅದು ಸೇರಿರುವ ಇಡೀ ಎಕ್ಸೆಲ್ ಪುಸ್ತಕ ಜೊತೆಗೆ ಹೋಗುತ್ತದೆ. ಐದು ಕೋಷ್ಟಕ ಕೂರಿಸಿದರೆ ಐದು ಸಲ. ಪುಟದ ಮೇಲೆ ಕಾಣುವುದು ಅದರ ಒಂದು ಕಿಟಕಿ ಮಾತ್ರ. ನಮ್ಮ ಪುಸ್ತಕದಲ್ಲಿ ವಿದ್ಯಾರ್ಥಿವೇತನದ ಹಾಳೆಯಲ್ಲದೆ, ದಾನಿಗಳಿಗೆ ಆದಾಯ ತೆರಿಗೆಯಲ್ಲಿ ಸಿಗುತ್ತಿದ್ದ 80ಜಿ ವಿನಾಯಿತಿಗಾಗಿ ಆ ವರ್ಷ ಮೇ 31ರೊಳಗೆ ಸಲ್ಲಿಸಬೇಕಾಗಿದ್ದ 10ಬಿಡಿ ಎಂಬ ದಾನಗಳ ವಿವರದ ನಮೂನೆಗೆಂದು ಸಂಗ್ರಹಿಸಿದ ದಾನಿಗಳ ಪ್ಯಾನ್ ಸಂಖ್ಯೆ, ವಿಳಾಸಗಳೂ ಇದ್ದವು. ಬ್ಯಾಂಕಿನಲ್ಲಿ ಗ್ರಾಹಕರ ಶಿಲ್ಕನ್ನು ಹೆಂಡತಿಗೂ ಹೇಳದೆ ಬಾಳಿದವನಿಗೆ ಅಂದು ನಿದ್ದೆ ಬರಲಿಲ್ಲ. ಬೆಳಿಗ್ಗೆ ಒಂಬತ್ತು ಮಂದಿಗೂ ಒಬ್ಬೊಬ್ಬರಿಗೆ ಕರೆ ಮಾಡಿ, ಕ್ಷಮೆ ಕೇಳಿ, ಆ ಅಂಚೆಯನ್ನು ಅಳಿಸುವಂತೆ ಬೇಡಿಕೊಂಡೆ. ಎಲ್ಲರೂ ಅಳಿಸಿದ್ದೇವೆ ಎಂದರು. ಹೊರಗಿನವರ ಕೈಗೆ ಹೋಗುವ ಯಾವ ಕಡತದಲ್ಲೂ ಈ ಆಯ್ಕೆ ಬೇಡ. ಬಳಸಲೇಬೇಕೆಂದಿದ್ದರೆ ಆ ಒಂದು ಹಾಳೆಯನ್ನು ಮಾತ್ರ ಹೊಸ ಪುಸ್ತಕಕ್ಕೆ ಸಾಗಿಸಿ, ಸೂತ್ರಗಳನ್ನು ತೆಗೆದು ಮೌಲ್ಯಗಳನ್ನಷ್ಟೇ ಉಳಿಸಿಕೊಂಡು, ಅಲ್ಲಿಂದ ನಕಲು ಮಾಡಿರಿ.

ಮುಂದಿನ ಪ್ರಯತ್ನ ಲಿಂಕ್. ಅದೇ ಪಟ್ಟಿಯ ಎಡಗಡೆ ಪೇಸ್ಟ್ ಲಿಂಕ್ ಎಂಬ ಗುಂಡಿಯಿದೆ. ಅದನ್ನು ಆಯ್ದು ಫಾರ್ಮ್ಯಾಟೆಡ್ ಟೆಕ್ಸ್ಟ್ ಎಂದು ಕೊಟ್ಟರೆ ಕೋಷ್ಟಕ ವರ್ಡ್‌ನ ಕೋಷ್ಟಕದಂತೆಯೇ ಕೂತರೂ ಸಂಖ್ಯೆಗಳನ್ನು ಎಕ್ಸೆಲ್ ಕಡತದಿಂದ ತರಿಸಿಕೊಳ್ಳುತ್ತದೆ. ನಕಲು ಮಾಡಿದ ಮೇಲೆ ಎಕ್ಸೆಲ್ ಮುಚ್ಚಿದರೆ, ಅಥವಾ ಆ ಇರುವೆ ಸಾಲು ನಿಂತುಹೋದರೆ, ಗುಂಡಿ ಮಂಕಾಗಿ ಕೆಲಸ ಮಾಡುವುದಿಲ್ಲ. ಎಕ್ಸೆಲ್‌ನಲ್ಲಿ ಬಡ್ಡಿಯನ್ನು ತಿದ್ದಿ, ವರ್ಡ್‌ನಲ್ಲಿ ಎಲ್ಲವನ್ನೂ ಆಯ್ದು ಎಫ್9 ಒತ್ತಿದಾಗ ಏಳೂ ಕಡೆ ಹೊಸ ಮೊತ್ತ ಬಂತು. ನಿಜ ಹೇಳಬೇಕೆಂದರೆ ಆ ಹತ್ತೊಂಬತ್ತು ದಿನಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಅನಂತ ಚತುರ್ದಶಿ ಮುಗಿಯಿತು. ಸೆಪ್ಟೆಂಬರ್ 9ರ ಮಂಗಳವಾರ ಎರಡೂ ಕಡತಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ದಾದರಿಗೆ ಹೋದೆ. ಮನೆಯಲ್ಲಿಯೂ ಅದೇ ಪೆನ್‌ಡ್ರೈವಿನಿಂದ ಕೆಲಸ ಮಾಡುತ್ತಿದ್ದೆನಾದ್ದರಿಂದ ಎಲ್ಲ ಸುರಕ್ಷಿತವೆಂದು ನಂಬಿದ್ದೆ. ಮುದ್ರಣಾಲಯದ ಡಿಟಿಪಿ ಹುಡುಗ ಕಡತ ತೆರೆದ, ಈ ದಸ್ತಾವೇಜಿನಲ್ಲಿ ಬೇರೆ ಕಡತಗಳ ಕೊಂಡಿಗಳಿವೆ, ನವೀಕರಿಸಬೇಕೇ ಎಂಬ ಪ್ರಶ್ನೆ ಬಂತು, ಅವನು ಬೇಡವೆಂದ. ಪರದೆಯ ಮೇಲೆ ಕೋಷ್ಟಕಗಳೆಲ್ಲ ಸರಿಯಿದ್ದವು. ನಲವತ್ತು ಪುಟಗಳ ಕರಡಚ್ಚು ತೆಗೆದಾಗ ಕೋಷ್ಟಕಗಳಿರಬೇಕಾದ ಐದು ಕಡೆ ದಪ್ಪಕ್ಷರದ ಒಂದೊಂದು ಇಂಗ್ಲಿಷ್ ಸಾಲು: ತಪ್ಪು, ಇದು ಸರಿಯಾದ ಕೊಂಡಿಯಲ್ಲ.

ನನ್ನ ಮನೆಯಲ್ಲಿ ಪೆನ್‌ಡ್ರೈವಿಗೆ ಕಂಪ್ಯೂಟರ್ ಕೊಟ್ಟ ಗುರುತು ಇ ಎಂಬ ಅಕ್ಷರ, ಅಲ್ಲಿ ಜಿ. ಕೊಂಡಿಯೊಳಗೆ ಎಕ್ಸೆಲ್ ಕಡತದ ಪೂರ್ಣ ದಾರಿ, ಆ ಇ ಅಕ್ಷರವೂ ಸೇರಿ, ಬರೆದಿರುತ್ತದೆ. ಆಲ್ಟ್ ಎಫ್9 ಒತ್ತಿದರೆ ಅದನ್ನು ಕಣ್ಣಾರೆ ನೋಡಬಹುದು. ಆ ಕಂಪ್ಯೂಟರಿನಲ್ಲಿ ಮುದ್ರಿಸುವ ಮುಂಚೆ ಕೊಂಡಿಗಳನ್ನು ನವೀಕರಿಸಬೇಕು ಎಂಬ ಆಯ್ಕೆಗೆ ಗುರುತು ಹಾಕಿತ್ತು, ಹೀಗಾಗಿ ಪರದೆಯಲ್ಲಿದ್ದದ್ದು ಕಾಗದಕ್ಕೆ ಬರುವ ದಾರಿಯಲ್ಲಿ ಕಳೆದುಹೋಯಿತು. ಕರಡಚ್ಚಿಗೆ ಪುಟಕ್ಕೆ 6 ರೂಪಾಯಿಯಂತೆ 240, ಹುಡುಗನ ಒಂದು ಗಂಟೆಗೆ 300. ಜೊತೆಗೆ ಅಲ್ಲಿ ನನ್ನ ಕನ್ನಡ ಅಕ್ಷರಶೈಲಿ ಇರಲಿಲ್ಲ. ಬೇರೆ ಶೈಲಿ ಬಂದು ಸಾಲುಗಳು ಎತ್ತರವಾಗಿ, ಪುಟಗಳ ಹೊಂದಾಣಿಕೆಯೇ ಕೆಟ್ಟಿತ್ತು. ಸಂಜೆಯ ಕಲ್ಯಾಣ್ ಲೋಕಲಿನಲ್ಲಿ ನಿಂತುಕೊಂಡೇ ಮುಲುಂಡಿನವರೆಗೆ ಬಂದೆ.

ಮನೆಯಲ್ಲಿ ಮಾಡಿದ್ದು ಎರಡೇ ನಿಮಿಷದ ಕೆಲಸ. ಕೊನೆಯ ಸಲ ಎಫ್9 ಒತ್ತಿ, ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡು, ಅದರಲ್ಲಿ ಒಂದೊಂದೇ ಕೋಷ್ಟಕವನ್ನು ಆಯ್ದು ಕಂಟ್ರೋಲ್, ಶಿಫ್ಟ್, ಎಫ್9 ಒತ್ತಿದೆ. ಕೊಂಡಿ ಕಳಚಿ ಸಂಖ್ಯೆಗಳು ಸ್ಥಿರವಾಗಿ ನಿಂತವು. ಇಡೀ ದಸ್ತಾವೇಜನ್ನು ಆಯ್ದು ಇದನ್ನು ಒತ್ತಬೇಡಿರಿ, ಪರಿವಿಡಿಯ ಕೊಂಡಿಗಳೂ ಕಳಚಿಹೋಗುತ್ತವೆ. ಆಮೇಲೆ ಪಿಡಿಎಫ್ ಮಾಡಿದೆ. ಅದರಲ್ಲಿ ಅಕ್ಷರಶೈಲಿ ಒಳಗೇ ಸೇರಿಕೊಳ್ಳುವುದರಿಂದ ಮುದ್ರಣಾಲಯದಲ್ಲಿ ಯಾವ ಶೈಲಿ ಇದೆ, ಇಲ್ಲ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಪಿಡಿಎಫ್ ಮಾಡುವುದಕ್ಕೆ ಮುಂಚೆ ಉದ್ದದ ಪಟ್ಟಿಗಳನ್ನೂ ನೋಡಿಕೊಳ್ಳಬೇಕು. ನಾಲ್ಕು ಪುಟದ ದಾನಿಗಳ ಪಟ್ಟಿಗೆ ಮೇಲಿನ ಸಾಲನ್ನು ಆಯ್ದು ರಿಪೀಟ್ ಹೆಡರ್ ರೋಸ್ ಒತ್ತಿದರೆ ಶೀರ್ಷಿಕೆ ಪ್ರತಿ ಪುಟದಲ್ಲಿ ಮರಳಿ ಬರುತ್ತದೆ. ಚಿತ್ರವಾಗಿ ಅಥವಾ ಆಬ್ಜೆಕ್ಟ್ ಆಗಿ ಅಂಟಿಸಿದ ಕೋಷ್ಟಕಕ್ಕೆ ಈ ಸೌಲಭ್ಯವಿಲ್ಲ, ಅದು ಮುಂದಿನ ಪುಟಕ್ಕೆ ಹರಿಯುವುದೂ ಇಲ್ಲ. ಠೇವಣಿಗಳ ಒಂಬತ್ತು ಅಂಕಣದ ಪಟ್ಟಿಯೊಂದನ್ನು ಮಾತ್ರ ಅಡ್ಡಪುಟದಲ್ಲಿ ಇಟ್ಟೆ. ಅದರ ಹಿಂದೆಯೂ ಮುಂದೆಯೂ ಸೆಕ್ಷನ್ ಬ್ರೇಕ್ ಹಾಕದಿದ್ದರೆ ಇಡೀ ವರದಿಯೇ ಅಡ್ಡ ಮಲಗುತ್ತದೆ.

ಸೆಪ್ಟೆಂಬರ್ 10ರಂದು ಎರಡನೆಯ ಕರಡಚ್ಚನ್ನು, ಮತ್ತೆ 240 ರೂಪಾಯಿ ಕೊಟ್ಟು, ಸಮಿತಿಯ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಪೆನ್ಸಿಲ್ ಹಿಡಿದು ಕೂಡುತ್ತ ಹೋಗಿ ಅಂಚೆ ವೆಚ್ಚದ ಬಳಿ ನಿಂತರು. 1,250, 860, 2,415. ಮೊತ್ತ 4,526 ಎಂದು ಅಚ್ಚಾಗಿದೆ, ಕೂಡಿದರೆ 4,525. “ಒಂದು ರೂಪಾಯಿ ಎಲ್ಲಿಂದ ಬಂತು ರಾಯರೆ?” ಎಂದು ಕೇಳಿದರು. ಎಕ್ಸೆಲ್‌ನಲ್ಲಿ ಮೂರೂ ಮೊತ್ತಗಳ ಹಿಂದೆ ನಲವತ್ತು ನಲವತ್ತು ಪೈಸೆ ಅಡಗಿದ್ದವು. ಪೈಸೆ ತೋರಿಸಬೇಡ ಎಂದಿದ್ದೆವೇ ಹೊರತು ಅದನ್ನು ಬಿಟ್ಟುಬಿಡು ಎಂದಿರಲಿಲ್ಲ. ನಿಜವಾದ ಮೊತ್ತ 4,526.20. ಎಕ್ಸೆಲ್‌ನಲ್ಲಿ ಇದನ್ನು ಕಂಡು ಯಾರೂ ಕೇಳುವುದಿಲ್ಲ, ಅಚ್ಚಾದ ಹಾಳೆಯಲ್ಲಿ ಮಹಾಸಭೆಯೇ ಕೇಳುತ್ತದೆ. ಪರಿಶೋಧಕರ ಒಪ್ಪಿಗೆ ಪಡೆದು ಪುಸ್ತಿಕೆಯ ಎಲ್ಲ ಲೆಕ್ಕವನ್ನೂ ಪೈಸೆ ಸಹಿತ ಮುದ್ರಿಸಿದೆ. ಅಂಕಣ ನಾಲ್ಕಕ್ಕೆ ಇಳಿದಿದ್ದರಿಂದ ಜಾಗವಿತ್ತು.

ಅಂದಿನ ರಾತ್ರಿ ಉಳಿದ ಮೊತ್ತಗಳನ್ನೂ ವರ್ಡ್‌ನಲ್ಲಿಯೇ ತಾಳೆ ನೋಡಲು ಹೊರಟೆ. ಕೋಷ್ಟಕದ ಕೊನೆಯ ಸೆಲ್ಲಿನಲ್ಲಿ ಲೇಔಟ್‌ನ ಫಾರ್ಮುಲಾ ಒತ್ತಿದರೆ ಮೇಲಿನದೆಲ್ಲವನ್ನೂ ಕೂಡುವ ಸೂತ್ರ ಸಿದ್ಧವಾಗಿರುತ್ತದೆ. ಮೊದಲ ಕೋಷ್ಟಕದಲ್ಲೇ 2,025 ರೂಪಾಯಿ ಹೆಚ್ಚು ಬಂತು. ಮೂರು ಸಲ ಕೂಡಿದೆ, ರಶೀದಿ ಪುಸ್ತಕ ತೆಗೆದೆ, ಹೆಂಡತಿ ದೀಪ ಆರಿಸಿ ಮಲಗಿದಳು. ಅಂಕಣದ ನೆತ್ತಿಯಲ್ಲಿ ಶೀರ್ಷಿಕೆಯಾಗಿ ಬರೆದಿದ್ದ 2025 ಎಂಬ ಇಸವಿಯನ್ನೂ ಸೂತ್ರ ಹಣವೆಂದು ಎಣಿಸಿತ್ತು.

ಹನ್ನೊಂದರ ಬೆಳಿಗ್ಗೆ ಪಿಡಿಎಫ್ ಕಳುಹಿಸಿದೆ, ಹನ್ನೆರಡರ ಸಂಜೆ ಕಟ್ಟುಗಳು ಸಿದ್ಧವಾಗಿದ್ದವು. ಕಿಸೆಯಿಂದ ಹೋದದ್ದು 780 ರೂಪಾಯಿ. ಸಂಘದ ಲೆಕ್ಕಕ್ಕೆ ಹಾಕುವ ಮನಸ್ಸಾಗಲಿಲ್ಲ. ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಕಟ್ಟಿನ ಮೇಲಿನ ಪ್ರತಿಯನ್ನು ಎಳೆದು ತೆರೆದೆ. ಆಸ್ತಿ-ಹೊಣೆ ಪಟ್ಟಿ ಅಚ್ಚುಕಟ್ಟಾಗಿತ್ತು, ಅಂಕಿಗಳು ಬಲಕ್ಕೆ ಒತ್ತಿಕೊಂಡು ಸಾಲಾಗಿ ನಿಂತಿದ್ದವು. ಪುಟ 31ಕ್ಕೆ ತಿರುಗಿಸಿದಾಗ, ದಾನಿಗಳ ಪಟ್ಟಿಯ ನಡುವೆ, ಮೂರ್ತಿ ಎಂದಿರಬೇಕಾದಲ್ಲಿ ಮೂತಿ ಎಂದಿತ್ತು. ಅವರು ಪ್ರತಿ ವರ್ಷ ಮಹಾಸಭೆಗೆ ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂರುವವರು. ಮುದ್ರಣಾಲಯ ಇನ್ನೂ ಮುಚ್ಚಿರಲಿಲ್ಲ. ಮೆಟ್ಟಿಲು ಹತ್ತಿ ವಾಪಸು ಹೋಗಿ ತಪ್ಪು ತಿದ್ದುವ ಮುನ್ನೂರು ಒಪ್ಪೋಲೆ ಚೀಟಿಗಳಿಗೆ ಹೇಳಿ ಬಂದೆ. ಇನ್ನೊಂದು 150 ರೂಪಾಯಿ.